ಹೆಬ್ಬೆರಳಿನ ಹಿಂದಿನ ಹೀರೋ

ಚನ್ನಬಸಪ್ಪನವರು ಸಿನೆಮಾ ನೋಡುವಾಗ ಎಡಗಣ್ಣು ಮುಚ್ಚಿ, ಬಲಗೈ ಮುಂದೆ ಚಾಚಿ, ಹೆಬ್ಬೆರಳನ್ನು ಎತ್ತಿ ಹಿಡಿಯುತ್ತಿದ್ದರು. ಮೊದಲ ಸಲ ನೋಡಿದವರಿಗೆ ಈ ಮನುಷ್ಯ ಪರದೆಗೆ ಭೇಷ್ ಹೇಳುತ್ತಿದ್ದಾನೆ ಅನ್ನಿಸಬೇಕು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಅವರು ಹೀರೋನ ಮುಖ ಮುಚ್ಚುತ್ತಿದ್ದರು. ಹೀರೋ ಎಡಕ್ಕೆ ಹೋದರೆ ಹೆಬ್ಬೆರಳೂ ಎಡಕ್ಕೆ ಹೋಗುತ್ತಿತ್ತು. ಅವನು ಮೆಟ್ಟಿಲು ಹತ್ತಿದರೆ ಇದೂ ಹತ್ತುತ್ತಿತ್ತು. ಮುಖವನ್ನು ಹತ್ತಿರದಿಂದ ತೋರಿಸಿದಾಗ ಬೆರಳು ಸಾಲದೆ ಇಡೀ ಅಂಗೈ ಏಳುತ್ತಿತ್ತು. ಹಿಂದೆ ಕೂತವರು "ಕಾಕಾ, ಹಾತ್ ಖಾಲೀ ಘ್ಯಾ", ಕೈ ಕೆಳಗಿಳಿಸಿ, ಎಂದು ಗದರಿದರೆ ಕೈಯನ್ನು ಮಡಚಿ ಕಣ್ಣಿನ ಹತ್ತಿರಕ್ಕೇ ತಂದುಕೊಳ್ಳುತ್ತಿದ್ದರು. ಕಣ್ಣಿನ ಬುಡಕ್ಕೆ ಹಿಡಿದರೆ ಕಿರುಬೆರಳಿನಿಂದಲೂ ಗುಡ್ಡ ಮುಚ್ಚಬಹುದು ಎಂದು ಅವರಿಗೆ ಗೊತ್ತಿತ್ತು. ನಾಶಿಕದ ಪಂಚವಟಿಯಲ್ಲಿ ಮೂವತ್ತು ವರ್ಷ ಚಷ್ಮಾದ ಅಂಗಡಿ ನಡೆಸಿದವರು ಅವರು.

ಇಷ್ಟು ಸೇರದಿದ್ದರೆ ಅವನ ಪಿಕ್ಚರಿಗೆ ಬರುವುದೇಕೆ ಎಂದು ನಾನು ಕೇಳಿದ್ದೆ.

"ಮೇಡಮ್ಮೋರೆ, ಲಗ್ನದ ಊಟಕ್ಕ ಹೋಗ್ತೀರಿ. ಎಲಿ ಮ್ಯಾಲ ಬದನಿಕಾಯಿ ಬಡಸ್ಯಾರ. ನಿಮಗ ಬದನಿಕಾಯಿ ಸೇರಂಗಿಲ್ಲ. ಎಲಿ ಬಿಟ್ಟು ಎದ್ದು ಹೋಗ್ತೀರೇನು? ಅದನ್ನ ಬಾಜೂಕ ಸರಸಿ ಹೋಳಿಗಿ ಉಣ್ತೀರೋ ಇಲ್ಲೋ? ಹಂಗ ನಾನೂ ಇವನ್ನ ಬಾಜೂಕ ಸರಸೀನಿ. ಉಳದದ್ದು ಉಣ್ಲತ್ತೀನಿ."

ಆ ಹೀರೋನ ಹೆಸರನ್ನು ಅವರು ಒಮ್ಮೆಯೂ ಬಾಯಿಯಲ್ಲಿ ತೆಗೆಯಲಿಲ್ಲ. 'ಆ ಪುಣ್ಯಾತ್ಮ' ಎನ್ನುತ್ತಿದ್ದರು, ಇಲ್ಲವೆ ಮಗಳ ಹೆಸರು ಹಿಡಿದು 'ನಮ್ಮ ಶೈಲಾನ ಹೀರೋ' ಎನ್ನುತ್ತಿದ್ದರು. ಅವನ ಮೇಲಿನ ದೂರು ಒಂದೇ. "ಅಂವ ಅಳೂ ಮುಂದ ನೋಡ್ರಿ. ಮೂಗು ಅಳ್ತದ, ಗದ್ದ ಅಳ್ತದ. ಕಣ್ಣು ಮಾತ್ರ ಅಲ್ಲಿ ಕ್ಯಾಮರಾ ಎಲ್ಲದ ಅಂತ ಹುಡುಕ್ತಿರ್ತದ. ನನ್ನ ಮುಂದ ದಿನಾ ಹತ್ತು ಮಂದಿ ಕಣ್ಣು ತಕ್ಕೊಂಡು ಕೂಡ್ತಾರ. ನನಗ ಕಣ್ಣಿನ ಸುಳ್ಳು ತಿಳೀಲಾರ್ದ?" ಇದು ಅಹಂಕಾರದ ಮಾತೇ. ಆದರೆ ಆಮೇಲೆ ನಾನೂ ಗಮನವಿಟ್ಟು ನೋಡಿದೆ, ಅವರು ಹೇಳಿದ್ದು ನಿಜವಾಗಿತ್ತು. ಅಂದಿನಿಂದ ಆ ಹೀರೋ ನನಗೂ ಕೆಟ್ಟು ಹೋದ.

ನಾನು ಗದಗಿನ ಕಡೆಯವಳು. ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ವರ್ಗದ ಮೇಲೆ ವರ್ಗವಾಗಿ ನಾಶಿಕಕ್ಕೆ ಬಂದು ಬಿದ್ದಿದ್ದೆ. ಲಗ್ನವಾಗಿಲ್ಲ, ಆಗಲಿಲ್ಲ ಎಂಬ ಕೊರಗನ್ನು ಬೇರೆಯವರು ಪಡುತ್ತಾರಾದ್ದರಿಂದ ನಾನು ಪಡುವುದಿಲ್ಲ. ಬಂದ ಎರಡನೇ ವಾರ ಪಂಚವಟಿಯ ಗದ್ದಲದಲ್ಲಿ ರಿಕ್ಷಾ ಇಳಿಯುವಾಗ ಚಷ್ಮಾ ಬಿದ್ದು ಇನ್ನೊಂದು ರಿಕ್ಷಾದ ಗಾಲಿಗೆ ಸಿಕ್ಕಿತು. ಎದುರಿಗೇ ಇದ್ದ ಅಂಗಡಿಯೊಳಗೆ ತಡವರಿಸಿಕೊಂಡು ಹೋದೆ. ನನ್ನ ಮರಾಠಿ ಕೇಳಿ ಎರಡೇ ಮಾತಿಗೆ ಅವರು ಕನ್ನಡಕ್ಕೆ ಇಳಿದರು. "ಯಾ ಊರ್ರಿ ನಿಮ್ದು? ನಮ್ದು ಹುಮನಾಬಾದ. ಕುಂದರ್ರಿ." ಗೋಡೆಯ ಮೇಲೆ ಮರಾಠಿ ಅಕ್ಷರಗಳ ಅಚ್ಚಿನ ಹಲಗೆಯ ಕೆಳಗೆ, ಹಳೇ ಕ್ಯಾಲೆಂಡರಿನ ಬೆನ್ನಿಗೆ ಅವರೇ ಕೈಯಿಂದ ಬರೆದ ಕನ್ನಡದ ಹಲಗೆಯೊಂದು ತೂಗುತ್ತಿತ್ತು. ಮೇಲೆ ಬೊಗಸೆಯಷ್ಟು ಅಕ್ಷರ, ಕೆಳಗೆ ಹೋಗುತ್ತ ಸಾಸಿವೆಯಷ್ಟು. ನನಗೆ ಮೂರನೇ ಸಾಲಿನ ತನಕ ಕಂಡಿತು. ಹೊಸ ಚಷ್ಮಾ ಹಾಕಿದ ಮೇಲೆ ಕೊನೆಯ ಸಾಲು ಕಾಣಿಸಿತು. 'ಇದು ಕಂಡವರು ಚಹಾ ಕುಡಿದು ಹೋಗಬೇಕು' ಎಂದಿತ್ತು. ನಾನು ನಕ್ಕೆ, ಅಷ್ಟರಲ್ಲಿ ಚಹಾ ಬಂತು.

ಹೆಂಡತಿ ತೀರಿಕೊಂಡಾಗ ಅವರ ಮಗಳು ಶೈಲಾ ನಾಲ್ಕನೇ ಇಯತ್ತೆಯಲ್ಲಿದ್ದಳು. ಮರುಲಗ್ನ ಬೇಡವೆಂದರು. ರೊಟ್ಟಿ ಬಡಿಯುವುದನ್ನು ತಾವೇ ಕಲಿತರು, ಜಡೆ ಹಾಕುವುದನ್ನೂ ಕಲಿತರು. ಜಡೆ ಕಡೆತನಕ ಸೊಟ್ಟಗೇ ಬರುತ್ತಿತ್ತಂತೆ. ತಾಯಿಯಿಲ್ಲದ ಹುಡುಗಿ ರವಿವಾರ ಮಧ್ಯಾಹ್ನ ಮಂಕಾಗಿ ಕೂಡುತ್ತಾಳೆಂದು ಪಿಕ್ಚರಿಗೆ ಕರೆದುಕೊಂಡು ಹೋಗಲು ಶುರುಮಾಡಿದರು. ಅವಳಿಗೆ ಹಿಡಿಸಿದ್ದು ಆ ಪುಣ್ಯಾತ್ಮನೇ. ಅವನ ಪಿಕ್ಚರೆಂದರೆ ಬರೀ ಹೊಡೆದಾಟ. ಚನ್ನಬಸಪ್ಪನವರಿಗೆ ಹೊಡೆದಾಟವೂ ಸೇರದು, ಹೊಡೆಯುವವನೂ ಸೇರನು. ಆದರೆ ಮಗಳು ಬಾಜೂಕೆ ಕೂತು ಕಾಲು ಕುಣಿಸುತ್ತ ಶೇಂಗಾ ತಿನ್ನುವುದು ಸೇರುತ್ತಿತ್ತು. ಬೆರಳಿನ ವಿದ್ಯೆಯನ್ನು ಅವರು ಕಂಡುಕೊಂಡದ್ದು ಆ ದಿನಗಳಲ್ಲಿ. ಹೀಗೆ ನೋಡುತ್ತ ನೋಡುತ್ತ ಅವರಿಗೆ ಸಿನೆಮಾದ ನಿಜವಾದ ರುಚಿ ಹತ್ತಿಬಿಟ್ಟಿತು. ಹೀರೋನನ್ನು ತೆಗೆದರೆ ಎಷ್ಟು ಮಂದಿ ಉಳಿಯುತ್ತಾರೆ ಎಂಬುದು ಅವರ ದೊಡ್ಡ ಶೋಧ.

ನಾನು ಅವರ ರವಿವಾರಕ್ಕೆ ಸೇರಿಕೊಳ್ಳುವ ಹೊತ್ತಿಗೆ ಶೈಲಾ ಮನೆ ಬಿಟ್ಟು ಒಂದು ವರ್ಷವಾಗಿತ್ತು. ಹಳೇ ಥೇಟರು, ಎಡಗಡೆ ಕೊನೆಯ ಸಾಲು, ಮ್ಯಾಟಿನಿ. ಲಗ್ನವಿಲ್ಲದ ಹೆಂಗಸು, ಹೆಂಡತಿಯಿಲ್ಲದ ಗಂಡಸು; ಓಣಿಯ ಬಾಯಿಗೆ ಅಷ್ಟು ಸಾಕು. ಅದಕ್ಕೇ ನಮ್ಮಿಬ್ಬರ ನಡುವೆ ಒಂದು ಖುರ್ಚಿ ಖಾಲಿ ಬಿಡುತ್ತಿದ್ದರು. ಅದರ ಮೇಲೆ ಶೇಂಗಾದ ಪೊಟ್ಟಣ. ಸಿಪ್ಪೆಯನ್ನು ನೆಲಕ್ಕೆ ಹಾಕದೆ ಅಂಗಿಯ ಜೇಬಿನಲ್ಲಿ ತುಂಬಿಕೊಂಡು ಹೊರಗೆ ಬಂದು ಝಾಡಿಸುತ್ತಿದ್ದರು.

ನನಗೆ ದೆವ್ವದ ಪಿಕ್ಚರೆಂದರೆ ಆಗದು. ಹೆದರಿಕೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ 'ಅರ್ಥವಿಲ್ಲದ್ದು' ಎನ್ನುತ್ತಿದ್ದೆ. ಒಂದು ರವಿವಾರ ಬೇರೆ ಏನೂ ಇರಲಿಲ್ಲ, ದೆವ್ವದ್ದಕ್ಕೇ ಹೋದೆವು. ದೀಪ ಮಿಣುಕಿ ಬಾಗಿಲು ಕಿರ್ರೆಂದಿತು, ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಖಾಲಿ ಖುರ್ಚಿಯ ಆಚೆಯಿಂದ ಮೆಲ್ಲನೆ ಮಾತು ಬಂತು. "ಮೇಡಮ್ಮೋರೆ, ಕಣ್ಣು ಮುಚ್ಚಿದ್ರ ದೆವ್ವ ಒಳಗ ದೊಡ್ಡದಾಗ್ತದ. ತಗೀರಿ. ಅದರ ಮಾರಿ ನೋಡಬ್ಯಾಡ್ರಿ, ಕಾಲು ನೋಡ್ರಿ." ನೋಡಿದೆ. ಬಿಳೀ ಸೀರೆಯ ದೆವ್ವದ ಕಾಲಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಪಾಪ, ಶೂಟಿಂಗಿನ ನೆಲ ತಣ್ಣಗಿತ್ತೋ ಏನೋ. ಇಡೀ ಥೇಟರು ಕಿರುಚುವಾಗ ನಾವಿಬ್ಬರೂ ಕೆಮ್ಮು ಬಂದಂತೆ ನಗುತ್ತಿದ್ದೆವು. ಈಗ ನಾನು ಯಾವ ದೆವ್ವದ ಪಿಕ್ಚರನ್ನೂ ಬಿಡುವುದಿಲ್ಲ. ದೆವ್ವದ ಮೇಲೆ ನನಗೆ ಇನ್ನೂ ಪ್ರೀತಿಯಿಲ್ಲ. ಆ ಮನೆಯ ಅಡುಗೆಯವಳು, ತೋಟದ ಮಾಲಿ, ಗೋಡೆಯ ಮೇಲಿನ ಗಡಿಯಾರ, ಇವರೆಲ್ಲ ಏನು ಮಾಡುತ್ತಿದ್ದಾರೆಂದು ನೋಡುವುದೇ ನನಗೆ ಸುಖ.

ಆ ಹೀರೋನ ಹಾಡುಗಳಲ್ಲಿ ಹಿಂದೆ ಕುಣಿಯುವ ಹುಡುಗಿಯರ ಗುಂಪಿನಲ್ಲಿ ಒಬ್ಬಳಿದ್ದಳು. ಮೂರನೇ ಸಾಲು, ಎಡಗಡೆಯಿಂದ ಎರಡನೆಯವಳು. ಎಲ್ಲರೂ ಕೈ ಎತ್ತಿದ ಮೇಲೆ ಅವಳ ಕೈ ಏಳುತ್ತಿತ್ತು, ಒಂದು ಚಿಟಿಕೆ ತಡ. ಚನ್ನಬಸಪ್ಪನವರು ಅವಳನ್ನು ನಾಲ್ಕು ಪಿಕ್ಚರುಗಳಲ್ಲಿ ಹುಡುಕಿ ಹಿಡಿದಿದ್ದರು. "ನಮ್ಮ ಹುಡುಗಿ ಇದರಾಗೂ ಬಂದಾಳ್ರಿ" ಎಂದು ಹಿಗ್ಗುತ್ತಿದ್ದರು. ಐದನೆಯದರಲ್ಲಿ ಅವಳು ಕಾಣಲಿಲ್ಲ. ಎರಡನೇ ಹಾಡು ಬಂತು, ಮೂರನೆಯದೂ ಬಂತು, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಹೊರಗೆ ಬಂದು ಸಿಪ್ಪೆ ಝಾಡಿಸುತ್ತ, "ಲಗ್ನ ಆಗಿರಬೇಕು. ಲಗ್ನ ಆದ ಮ್ಯಾಲ ಎಲ್ಲಿ ಬಿಡ್ತಾರ ಕುಣೀಲಾಕ" ಎಂದರು. ಆಮೇಲೆ ಏನೋ ನೆನಪಾದವರಂತೆ ಖಾಲಿ ಜೇಬನ್ನೇ ಮತ್ತೊಮ್ಮೆ ಝಾಡಿಸಿ, ಅಂಗಡಿಯ ಕಡೆ ನಡೆದರು.

ಶೈಲಾನ ಕಥೆಯನ್ನು ಅವರು ನನಗೆ ಒಂದೇ ಸಲ ಹೇಳಿದ್ದು. ಕಾಲೇಜು ಮುಗಿಸಿ ಅವಳು ನಾಶಿಕದ ಹತ್ತಿರದ ದಿಂಡೋರಿಯಲ್ಲಿ ನೌಕರಿ ಹಿಡಿದಳು. 'ದ್ರಾಕ್ಷಿ ಕಂಪನಿ' ಎಂದಳು. ಇವರು ದ್ರಾಕ್ಷಿ ಡಬ್ಬಿಗೆ ತುಂಬುವ ಕಂಪನಿ ಎಂದು ತಿಳಿದು ಓಣಿಗೆಲ್ಲ ಪೇಢೆ ಹಂಚಿದರು. ಹುಮನಾಬಾದಿನ ಅಣ್ಣ, ತಮ್ಮಂದಿರಿಗೂ ಫೋನು ಮಾಡಿದರು. ಎಂಟು ತಿಂಗಳ ಮೇಲೆ ಗಿರಾಕಿಯೊಬ್ಬ, "ಅಣ್ಣಾ, ನಿಮ್ಮ ಮಗಳನ್ನು ಆ ವೈನ್ ಫ್ಯಾಕ್ಟರಿಯಲ್ಲಿ ಕಂಡೆ" ಎಂದ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಮೂರು ತಲೆಮಾರಿನಿಂದ ಸೆರೆಯ ವಾಸನೆ ತಿಳಿಯದ ಮನೆ. ನೌಕರಿ ಬಿಡು ಎಂದರು. ಬಿಡುತ್ತೇನೆ, ಆದರೆ ಅಲ್ಲಿಯ ನಿತಿನ್‌ನನ್ನು ಬಿಡುವುದಿಲ್ಲ ಎಂದಳು. ಬಂದವರಿಗೆ ವೈನು ಸುರಿದು ರುಚಿ ತೋರಿಸುವುದು ಆ ಮರಾಠಿ ಹುಡುಗನ ಕೆಲಸ. ಕಚೇರಿಯಲ್ಲಿ ರುಜು ಮಾಡಿ ಲಗ್ನವಾಯಿತು. ಇವರು ಹೋಗಲಿಲ್ಲ. ಅವರಿಬ್ಬರೂ ಸಂಭಾಜಿನಗರದಲ್ಲಿ ಮನೆ ಮಾಡಿದರು. ಅಲ್ಲಿ ಅವನಿಗೆ ಬಿಯರ್ ಕಾರಖಾನೆಯಲ್ಲಿ ಕೆಲಸ. "ದ್ರಾಕ್ಷಿ ಇದ್ದದ್ದು ಜವಿ ಆತು, ಅಷ್ಟ ಫರಕ" ಎಂದು ಚನ್ನಬಸಪ್ಪನವರು ಕಥೆ ಮುಗಿಸಿದರು. ಜವಿ ಎಂದರೆ ಗೋದಿಯಂಥ ಕಾಳು, ಬಿಯರು ಆಗುವುದು ಅದರಿಂದಲೇ.

ಅಳಿಯನನ್ನು ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಇಲ್ಲವೇ ಇಲ್ಲ ಎಂಬಂತಿದ್ದರು. ಶೈಲಾ ಎರಡು ತಿಂಗಳಿಗೊಮ್ಮೆ ಒಬ್ಬಳೇ ಬಸ್ಸಿನಲ್ಲಿ ಬರುತ್ತಿದ್ದಳು, ಅಪ್ಪನ ಕೈಯ ರೊಟ್ಟಿ ತಿಂದು ಹೋಗುತ್ತಿದ್ದಳು. ಫೋನಿನಲ್ಲಿ ಅರ್ಧ ತಾಸು ಮಾತು ನಡೆಯುತ್ತಿತ್ತು. ಅವಳು "ಬಾಬಾ, ನಿತಿನ್‌ಗೆ ಕೊಡ್ತೀನಿ" ಎಂದ ಕೂಡಲೇ ಇವರು "ಗಿರಾಕಿ ಬಂದಾರವ್ವ" ಎಂದು ಇಟ್ಟುಬಿಡುತ್ತಿದ್ದರು. ಅಂಗಡಿಯಲ್ಲಿ ನನ್ನ ಹೊರತು ಯಾರೂ ಇರುತ್ತಿರಲಿಲ್ಲ. ಓಣಿಯವರು ಮಗಳ ವಿಷಯ ಕೇಳಿದರೆ, ಅವಳು ಸಂಭಾಜಿನಗರದಲ್ಲಿ ನೌಕರಿಗಿದ್ದಾಳೆ ಎನ್ನುತ್ತಿದ್ದರು.

ಆಮೇಲೆ ನನಗೂ ಸಂಭಾಜಿನಗರಕ್ಕೇ ವರ್ಗವಾಯಿತು. ಸರಕಾರಕ್ಕೆ ಕಣ್ಣಿಲ್ಲ ಎನ್ನುತ್ತಾರೆ. ಈ ಸಲ ಇತ್ತೇನೋ. ತಿಂಗಳಿಗೊಂದು ರವಿವಾರ ನಾಲ್ಕು ತಾಸು ಬಸ್ಸಿನಲ್ಲಿ ಕೂತು ಪಿಕ್ಚರಿಗೆಂದು ನಾಶಿಕಕ್ಕೆ ಹೋಗುತ್ತಿದ್ದೆ. ಬರುವಾಗ ಕೈಯಲ್ಲಿ ಶೈಲಾಗೆಂದು ಶೇಂಗಾ ಹಿಂಡಿ, ಖಡಕ್ ರೊಟ್ಟಿಯ ಗಂಟು ಇರುತ್ತಿತ್ತು. ಗಂಟನ್ನು ಕೊಡಲು ಹೋಗಿ ಹೋಗಿ ನಾನು ಆ ಮನೆಯವಳೇ ಆಗಿಬಿಟ್ಟೆ. ಎರಡು ಕೋಣೆಯ ಮನೆ. ನಿತಿನ್ ಸಣ್ಣ ದನಿಯ ಹುಡುಗ. ಮಾವನ ರೊಟ್ಟಿಯನ್ನು ಅವನು ಮೊಸರಿನಲ್ಲಿ ಅದ್ದಿ ತಿನ್ನುತ್ತ, "ಬಾಬಾಂಚ್ಯಾ ಹಾತಚೀ?" ಎಂದು ಪ್ರತಿಸಲ ಕೇಳುತ್ತಿದ್ದ. ಹೌದಪ್ಪ, ಬಾಬಾ ಕೈಯದೇ ಎಂದು ನಾನೂ ಪ್ರತಿಸಲ ಹೇಳುತ್ತಿದ್ದೆ.

ಶೈಲಾ ಬಸುರಾಗಿ ಮೂರು ತಿಂಗಳಾಗಿತ್ತು. ಒಂದು ಸಂಜೆ ಗಂಟು ಬಿಚ್ಚುತ್ತ ಕೂತವಳು ತಟ್ಟನೆ ಹೇಳಿದಳು. ಅವಳ ಕನ್ನಡದಲ್ಲಿ ಅರ್ಧ ಮರಾಠಿ; ನಾನು ಅವಳಿಗೆ ಮಾವಶಿ, ಅಂದರೆ ಚಿಕ್ಕಮ್ಮ. "ಮಾವಶಿ, ಬಾಬಾಗೆ ಒಂದು ವಿಚಾರಸು ನಾ. ಹೀರೋ ಆವಡತ್ ನಾಹೀ, ಸೇರಂಗಿಲ್ಲ ಅಂದ್ರೂ ಪೂರಾ ಪಿಚ್ಚರ್ ನೋಡ್ತಾರಲ್ಲ. ಮಗ್ ನನ್ನ ಮನಿ ಒಂದು ಸಲಾ ನೋಡ್ಲಿಕ್ಕೆ ಏನಾಗ್ತದ? ಮನಿತುಂಬ ನಿತಿನ್ ಒಬ್ಬನೇ ಇಲ್ಲಲ್ಲ. ನಾನೂ ಇದ್ದೀನಿ."

ಈ ಮಾತನ್ನು ನಾನು ಮುಂದಿನ ರವಿವಾರವೇ ಮುಟ್ಟಿಸಬೇಕಿತ್ತು. ಮುಟ್ಟಿಸಲಿಲ್ಲ. "ಆರಾಮದಾಳ್ರಿ, ನಿಮ್ಮನ್ನ ಬಾ ಅಂದಾಳ" ಎಂದಷ್ಟೇ ಹೇಳಿದೆ. ಅವರು ಹ್ಞೂಂ ಎಂದರು. ಅದರ ಮುಂದಿನ ತಿಂಗಳೂ ಅಷ್ಟೇ ಹೇಳಿದೆ. ನನಗೆ ಅಂಜಿಕೆ. ಮಗಳ ಮಾತು ಅವರಿಗೆ ಎಲ್ಲಿ ನಾಟುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಟಿದ ಮೇಲೆ ಅದನ್ನು ಹೊತ್ತು ತಂದವಳನ್ನು ಮತ್ತೆ ಪಿಕ್ಚರಿಗೆ ಕರೆಯದೆ ಹೋದರೆ? ಊರೂರು ತಿರುಗಿದ ನನಗೆ ನನ್ನದೆಂಬ ಜಾಗ ಇದ್ದದ್ದು ಆ ಥೇಟರಿನ ಎಡಗಡೆಯ ಕೊನೆಯ ಸಾಲು ಒಂದೇ. ನನ್ನ ಸುಖಕ್ಕೆ ನಾನು ಎರಡು ತಿಂಗಳು ತಿಂದುಹಾಕಿದೆ. 

ಕಡೆಗೆ ಹೇಳಿದ್ದು ಇಂಟರ್ವಲ್ಲಿನಲ್ಲಿ. ದೀಪ ಹತ್ತಿತ್ತು. ಅವರು ಶೇಂಗಾ ಸುಲಿಯುತ್ತಿದ್ದರು. ಶೈಲಾ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದೆ. ಸುಲಿಯುವ ಬೆರಳು ನಿಂತಿತು. ದೀಪ ಆರಿತು, ಪಿಕ್ಚರು ಮತ್ತೆ ಶುರುವಾಯಿತು. ಅದು ಆ ಪುಣ್ಯಾತ್ಮನದೇ ಪಿಕ್ಚರು. ಅರ್ಧ ತಾಸು ಅವನು ಹೊಡೆದ, ಅತ್ತ, ಕುಣಿದ. ಚನ್ನಬಸಪ್ಪನವರು ಕೈ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ಹೇಳಿದರು, "ಏಳನೇ ತಿಂಗಳಾಗ ಕುಬಸ ಮಾಡ್ಬೇಕಲ್ರೀ ಅಕಿಗಿ. ತವರು ಮನಿಯವರು ಹಸರು ಸೀರಿ, ಹಸರು ಬಳಿ ಒಯ್ಯಬೇಕು. ಅವ್ವ ಇಲ್ಲ. ನೀವ ಉಡಿ ತುಂಬಬೇಕು."

"ನೀವು ಬರ್ತೀರಿಲ್ಲೋ?"

ಶೇಂಗಾದ ಪೊಟ್ಟಣ ಮಡಚಿ ಜೇಬಿಗಿಟ್ಟು, "ವೈಜಾಪುರ ತನಕ ಬರ್ತೀನಿ" ಎಂದರು. "ಅಕಿನ್ನ ಅಲ್ಲಿತನಕ ಕರಕೊಂಡು ಬರಾಕ ಹೇಳ್ರಿ. ಇಂಟರ್ವಲ್ ತನಕ ಬಂದೀನಿ ಅಂತ ತಿಳೀರಿ."

ವೈಜಾಪುರ ನಾಶಿಕ, ಸಂಭಾಜಿನಗರಗಳ ನಡುವಿನ ಊರು. ಬೀಗರ ಮನೆಯಲ್ಲಿ ಹತ್ತು ಮಂದಿ ಮುತ್ತೈದೆಯರ ನಡುವೆ ಆಗಬೇಕಾದ ಕುಬಸ ಅಲ್ಲಿಯ ಬಸ್ ಸ್ಟ್ಯಾಂಡಿನ ಎದುರಿನ ಹೊಟೇಲಿನ ಮಾಳಿಗೆಯ ಫ್ಯಾಮಿಲಿ ರೂಮಿನಲ್ಲಿ ಆಯಿತು. ಇಂಥ ಕುಬಸವನ್ನು ನಾನು ಕಂಡಿಲ್ಲ, ಕೇಳಿಲ್ಲ. ಶೈಲಾಗೆ ಆಗ ಏಳು ತಿಂಗಳು. ಚನ್ನಬಸಪ್ಪನವರು ನಸುಕಿಗೆ ಎದ್ದು ತಾವೇ ಹೋಳಿಗೆ ಮಾಡಿಕೊಂಡು ತಂದಿದ್ದರು. ಟೇಬಲ್ಲಿನ ಮೇಲೆ ಬಿದ್ದಿದ್ದ ಸಾಂಬಾರಿನ ಕಲೆಯನ್ನು ತಮ್ಮ ಟಾವೆಲಿನಿಂದ ಒರೆಸಿ ಸೀರೆ ಇಟ್ಟರು. ವೇಟರು ಎರಡು ಸಲ ಬಂದು "ಆರ್ಡರ್?" ಎಂದ, ಕೂಡುವ ಹಕ್ಕಿಗೆಂದು ಚಹಾದ ಮೇಲೆ ಚಹಾ ಹೇಳಿದೆವು. ನಾನು ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದೆ, ಬಳೆ ಇಡಿಸಿದೆ. ಕೆಳಗಿನಿಂದ ಬಸ್ಸಿನ ಹೆಸರು ಕೂಗುವ ಮೈಕು ಕೇಳುತ್ತಿತ್ತು. ಶೈಲಾ ಅಪ್ಪನ ಕಾಲಿಗೆ ಬಗ್ಗಲಾರದೆ ಬಗ್ಗಿದಳು. ಅವರು ಅವಳನ್ನು ಅರ್ಧದಲ್ಲೇ ಹಿಡಿದು, ತಲೆಯ ಮೇಲೆ ಕೈಯಿಟ್ಟು, "ಜಡಿ ನೆಟ್ಟಗ ಹಾಕ್ಕೋತಿ ಈಗ" ಎಂದರು. ಅವಳು ಅತ್ತಳು. ನಾನೂ ಅತ್ತೆ.

ನಿತಿನ್ ಮೇಲೆ ಬರಲಿಲ್ಲ. ಬರಬಾರದೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಕಾರು ನಿಲ್ಲಿಸಿ ರಸ್ತೆಯ ಆಚೆ ಬಿಸಿಲಿನಲ್ಲಿ ನಿಂತಿದ್ದ. ಮಗಳು ಹೋಳಿಗೆ ತಿನ್ನುವಾಗ ಚನ್ನಬಸಪ್ಪನವರು ಕಿಡಕಿಯ ಹತ್ತಿರ ಹೋಗಿ ನಿಂತರು. ನಾನು ನೋಡುತ್ತಲೇ ಇದ್ದೆ. ಬೆರಳು ಎತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ. ಬಹಳ ಹೊತ್ತು ನೋಡಿದರು.

"ಮೇಡಮ್ಮೋರೆ, ಆ ಹುಡುಗನಿಗಿ ದೂರಿಂದು ಕಾಣಂಗಿಲ್ಲ."

"ಏನಂದ್ರಿ?"

"ಬಸ್ಸಿನ ಬೋರ್ಡು ಓದಾಕ ಎಡಗಣ್ಣು ಸಣ್ಣ ಮಾಡ್ಲತ್ತಾನ. ಚಷ್ಮಾದ ನಂಬರ್ ಬಂದದ. ಹಂಗ ಗಾಡಿ ಹೊಡಸ್ತಾನ, ನನ್ನ ಮಗಳನ್ನ ಕೂಡ್ಸಿಕೊಂಡು." ಕಿಡಕಿಯಿಂದ ಕಣ್ಣು ತೆಗೆಯದೆ ಹೇಳಿದರು, "ಅಂಗಡಿಗಿ ಬಂದು ತೋರಿಸ್ಕೋ ಅನ್ರಿ. ಗಿರಾಕಿ ಬಂದಂಗ ಬರಲಿ."

ಇಲ್ಲೇ ಇದ್ದಾನಲ್ಲ, ಕೆಳಗಿಳಿದು ನೀವೇ ಹೇಳಿ ಎಂದೆ. "ಬಸ್ಸಿನ ಹೊತ್ತಾತು" ಎಂದು ಚೀಲ ಎತ್ತಿಕೊಂಡರು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮೆಟ್ಟಿಲಿಳಿದು, ರಸ್ತೆ ದಾಟದೆ, ಈಚೆ ಬದಿಯಿಂದಲೇ ನಡೆದು ಸ್ಟ್ಯಾಂಡಿನೊಳಗೆ ಹೋದರು. ನಿತಿನ್ ಎರಡೂ ಕೈ ಜೋಡಿಸಿದ್ದನ್ನು ಅವರು ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ, ಬೆನ್ನಿನಿಂದ, ಖಾಲಿ ಡಬ್ಬಿಯ ಚೀಲ ಹಿಡಿದುಕೊಂಡು.

ಈ ಸಲ ನಾನು ತಡಮಾಡಲಿಲ್ಲ. ಮರಳುವಾಗ ಕಾರಿನಲ್ಲೇ ಹೇಳಿದೆ. ತಡಮಾಡಿದವನು ನಿತಿನ್. ಅವನಿಗೂ ಮೂರು ವರ್ಷದ ಸಿಟ್ಟು ಇತ್ತಲ್ಲ. "ಜಾವಯೀ ಅಂತ, ಅಳಿಯ ಅಂತ ಕರೆದರೆ ಓಡಿ ಹೋಗುತ್ತೇನೆ. ಗಿರಾಕಿ ಆಗಿ ಹೋಗಲಿಕ್ಕೆ ಇಲ್ಲಿ ಚಷ್ಮಾದ ಅಂಗಡಿ ಇಲ್ಲವೇ?" ಎಂದು ಮರಾಠಿಯಲ್ಲಿ ಹೇಳಿದ. ಅವನದೂ ತಪ್ಪಲ್ಲ. ಶೈಲಾ ಐದು ವಾರ ಅವನ ಬೆನ್ನು ಹತ್ತಿದಳು. ಉತ್ತರವಿಲ್ಲದೆ ನಾಶಿಕಕ್ಕೆ ಹೋಗಲು ಮನಸ್ಸಾಗದೆ ಆ ತಿಂಗಳು ನಾನೂ ಪಿಕ್ಚರು ತಪ್ಪಿಸಿದೆ. "ಅರೆ, ಬಾಬಾ ನಿನ್ನ ಕಣ್ಣಲ್ಲಿ ನೋಡದೆ ನಂಬರ್ ಹೇಗೆ ತೆಗೆಯುತ್ತಾರೆ? ಎದುರಿಗೆ ಕೂಡು, ಸಾಕು" ಎಂದು ಅವಳೂ ಮರಾಠಿಯಲ್ಲೇ ಹೇಳಿದಳು. ಕಡೆಗೆ ಅವನು ಹ್ಞೂಂ ಅಂದ. ಬರುವ ರವಿವಾರ ಎಂದು ಗೊತ್ತಾಯಿತು. ನಾನು ಫೋನು ಮಾಡಿ ತಿಳಿಸಿದೆ.

"ರವಿವಾರ?" ಎಂದರು. ರವಿವಾರ ಎಂದರೆ ಪಿಕ್ಚರು. ಮಗಳು ನಾಲ್ಕನೇ ಇಯತ್ತೆಯಲ್ಲಿದ್ದಾಗಿನಿಂದ ಅವರು ಒಂದನ್ನೂ ತಪ್ಪಿಸಿರಲಿಲ್ಲ. ನಾನು ಬೇರೆ ದಿನ ಹೇಳಲೇ ಎಂದೆ. "ಬ್ಯಾಡ. ಹತ್ತಕ್ಕ ಬರಲಿ, ಬಿಸಲೇರೂದ್ರಾಗ." ಫೋನು ಇಟ್ಟರು. ಹಿಂದಿನಿಂದ ಯಾವ ಗಿರಾಕಿಯ ದನಿಯೂ ಕೇಳಲಿಲ್ಲ.

ಶುಕ್ರವಾರ ಮುಂಜಾನೆ ಅಂಗಡಿಯ ಶಟರು ಅರ್ಧ ಎತ್ತಿ, ಅದರ ಕೆಳಗೇ ಕುಸಿದರಂತೆ. ಬಾಜೂಕಿನ ಹೂವಿನವನು ರಿಕ್ಷಾದಲ್ಲಿ ಹಾಕಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಎದೆ ನಿಂತಿತು ಎಂದರು.

ಶೈಲಾಗೆ ಒಂಬತ್ತನೇ ತಿಂಗಳು ನಡೆದಿತ್ತು, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಅವಳ ಹತ್ತಿರ ಅತ್ತೆಯನ್ನು ಬಿಟ್ಟು ನಿತಿನ್ ನನ್ನನ್ನು ಕಾರಿನಲ್ಲಿ ಕರೆತಂದ. ದಾರಿಯುದ್ದಕ್ಕೂ ಅವನು ಎಡಗಣ್ಣು ಸಣ್ಣ ಮಾಡಿ ಗಾಡಿ ಹೊಡೆದ. ನಾನು ಅದನ್ನು ನೋಡದಿರಲು ಕಿಡಕಿಯ ಹೊರಗೆ ನೋಡುತ್ತ ಕೂತೆ. ಹುಮನಾಬಾದಿನಿಂದ ಅಣ್ಣ, ತಮ್ಮಂದಿರು ಬಂದ ಮೇಲೆ ಶನಿವಾರ ಮುಂಜಾನೆ ಮಣ್ಣಿಗೆ ಇಟ್ಟೆವು. ನಮ್ಮಲ್ಲಿ ಕೂಡಿಸಿ ಇಡುತ್ತಾರೆ. ನಿತಿನ್‌ಗೆ ಇದೊಂದೂ ಗೊತ್ತಿಲ್ಲ. ನನ್ನನ್ನು ಕೇಳಿ ಕೇಳಿ ನೀರು ತಂದ, ಹೂ ತಂದ, ವಿಭೂತಿ ತಂದ. ಹೊರುವಾಗ ಹಿಂದಿನಿಂದ ಒಂದು ಕೈ ಹಚ್ಚಿದ. "ಯಾರಿಂವ?" ಎಂದು ಒಬ್ಬರು ಕೇಳಿದರು. "ಮೇಡಮ್ಮೋರ ಕಾರಿನ ಡ್ರೈವರ್ ಕಾಣಸ್ತಾನ" ಎಂದರು ದೊಡ್ಡ ಅಣ್ಣ. ನಿತಿನ್‌ಗೆ ಕನ್ನಡ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ಹೆಣದ ಮುಂದೆ ಜಗಳ ಬೇಡವೆಂದು ನಾನು ಮತ್ತೆ ಬಾಯಿ ಮುಚ್ಚಿಕೊಂಡೆ. ನನ್ನ ಜಾಣತನವೆಲ್ಲ ಬಾಯಿ ಮುಚ್ಚುವುದರಲ್ಲೇ ಖರ್ಚಾಯಿತು.

ಮೂರನೇ ದಿನದ ಕಾರ್ಯ ರವಿವಾರ. ಅದಕ್ಕೆ ಅವರದೊಂದು ಫೋಟೋ ಬೇಕಿತ್ತು. ಅಂಗಡಿಯ ಡ್ರಾವರಿನಲ್ಲಿದೆ ಎಂದು ನನಗೆ ನೆನಪು. ಶನಿವಾರ ಮಧ್ಯಾಹ್ನ ನಾನೂ ನಿತಿನ್‌ನೂ ಹೋಗಿ ಶಟರು ಎತ್ತಿದೆವು. ಟೇಬಲ್ಲಿನ ಮೇಲೆ, ಕಣ್ಣು ತಪಾಸಿಸುವ ಗಾಜುಗಳ ಪೆಟ್ಟಿಗೆಯ ಪಕ್ಕಕ್ಕೆ, ಒಂದು ಬಿಳೀ ರಟ್ಟು ಇತ್ತು. ಅಂಗಡಿ ಮುಚ್ಚುವ ದಿನ ಶಟರಿಗೆ ಅಂಟಿಸುವಂಥದು. ನಾಲ್ಕೂ ಮೂಲೆಗೆ ಅಂಟುಪಟ್ಟಿ ಹಚ್ಚಿಯಾಗಿತ್ತು. ಓಣಿಯವರೆಲ್ಲ ಓದಬೇಕಲ್ಲ, ಅದಕ್ಕೇ ಮರಾಠಿಯಲ್ಲಿ, ದೂರದಿಂದಲೂ ಕಾಣುವಂತೆ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಆದರೂ ನಿತಿನ್ ಅದನ್ನು ಕೈಯಲ್ಲಿ ಎತ್ತಿಕೊಂಡು, ಮುಖದ ಹತ್ತಿರ ತಂದು ಓದಿದ. ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಬಾಯಿಬಿಟ್ಟು.

'ರವಿವಾರೀ ದುಕಾನ್ ಬಂದ್ ರಾಹೀಲ್. ಜಾವಯೀ ಯೇಣಾರ್ ಆಹೇತ್.'

ರವಿವಾರ ಅಂಗಡಿ ಬಂದ್ ಇರುತ್ತದೆ. ಅಳಿಯಂದಿರು ಬರುವವರಿದ್ದಾರೆ.

ಅವನು ಗಿರಾಕಿ ಕೂಡುವ ಖುರ್ಚಿಯಲ್ಲಿ ಕೂತು ಬಹಳ ಹೊತ್ತು ಅತ್ತ. ನಾನು ತಡೆಯಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, "ಮಾವಶಿ, ಇದನ್ನು ಹಚ್ಚಲೇ?" ಎಂದು ಕೇಳಿದ. ಹಚ್ಚಪ್ಪ ಎಂದೆ. ಶಟರು ಎಳೆದು, ನಡುಮಧ್ಯೆ, ಸೊಟ್ಟಗಾಗದಂತೆ ಎರಡು ಸಲ ತೆಗೆದು ಹಚ್ಚಿದ.

ಮರುದಿನ ಮುಂಜಾನೆ ಕಾರ್ಯಕ್ಕೆಂದು ಬಂದ ಓಣಿಯವರು, ಹೂವಿನವನು, ಹುಮನಾಬಾದಿನ ದೊಡ್ಡ ಅಣ್ಣ, ಎಲ್ಲರೂ ಆ ಶಟರಿನ ಮುಂದೆ ಒಂದಿಷ್ಟು ಹೊತ್ತು ನಿಂತು ಹೋದರು. ಹತ್ತು ಗಂಟೆಯಾಗಿತ್ತು. ಅಂಗಡಿ ಬಂದ್ ಇತ್ತು. ಅಳಿಯ ಬಂದಿದ್ದ.